ಸೆರಗಿನ ಗಂಟು

ನಮ್ಮ ಅಜ್ಜಿಗೆ ಅವರ ಸೆರಗೇ ಡೈರಿ. ಹಾಲಿನವಳ ಲೆಕ್ಕ ತೀರಿಸಬೇಕು ಅಂದರೆ ಒಂದು ಗಂಟು, ಪಕ್ಕದ ಮನೆಗೆ ಕೊಟ್ಟ ಒನಕೆ ವಾಪಸು ತರಿಸಬೇಕು ಅಂದರೆ ಇನ್ನೊಂದು, ಏಕಾದಶಿ ನಾಳೆಯೋ ನಾಡಿದ್ದೋ ಅಂತ ಜೋಯಿಸರನ್ನು ಕೇಳಬೇಕು ಅಂದರೆ ಮತ್ತೊಂದು. ರಾತ್ರಿ ಮಲಗುವ ಮುಂಚೆ ಒಂದೊಂದೇ ಗಂಟು ಬಿಚ್ಚುತ್ತ ಅಂದಿನ ಲೆಕ್ಕ ಮುಗಿಸುತ್ತಿದ್ದರು. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಒಂದು ಸಂಜೆ ಜಗಲಿಯ ಮೇಲೆ ಕೂತು ಸೆರಗಿನ ತುದಿಯನ್ನೇ ನೋಡುತ್ತಿದ್ದರು. ನಾಲ್ಕು ಗಂಟುಗಳಿದ್ದವು.

"ಇವು ಯಾತಕ್ಕೆ ಹಾಕಿದ್ದು ಅಂತಲೇ ತಿಳೀತಿಲ್ಲ ಕಣೇ" ಅಂದರು.

"ಬಿಚ್ಚಿಬಿಡಿ ಅಜ್ಜಿ."

"ಬಿಚ್ಚಿಬಿಟ್ಟರೆ ನಾಲ್ಕು ಕೆಲಸ ಕೆಟ್ಟುಹೋಗುತ್ತಲ್ಲೇ!"

ನ್ಯಾಯವಾದ ಮಾತು. ಆ ಸೀರೆ ಗಂಟುಗಳ ಸಮೇತ ಒಗೆಯುವ ಕಲ್ಲಿಗೆ ಹೋಗಿ ಗಂಟುಗಳ ಸಮೇತವೇ ವಾಪಸು ಬಂತು.

ಒಂದೆರಡು ವರ್ಷ ಕಳೆಯುವಷ್ಟರಲ್ಲಿ ಇನ್ನೊಂದು ಶುರುವಾಯಿತು. ದೀಪ ಹಚ್ಚುವ ಹೊತ್ತಾದರೆ ಸಾಕು, ಎರಡು ಸೀರೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟುನಿಲ್ಲುತ್ತಿದ್ದರು. "ಹೊತ್ತು ಮುಳುಗಿತು, ಮನೆಗೆ ಹೋಗ್ತೀನಿ. ಅಮ್ಮ ಕಾಯ್ತಿರ್ತಾಳೆ." ಹದಿಮೂರಕ್ಕೆ ಸೊಸೆಯಾಗಿ ಬಂದು ಆರು ದಶಕ ಆಳಿದ ಮನೆ ಅದು. "ಇದೇ ಮನೆ ಅತ್ತೆ" ಅಂತ ಅಮ್ಮ ವಾದ ಮಾಡಿದರೆ ಅಜ್ಜಿ ಅಳುತ್ತಿದ್ದರು. ವಾದ ಮಾಡದವರು ಚಿಕ್ಕಪ್ಪ ಒಬ್ಬರೇ. "ನಡಿಯಮ್ಮ, ಬಿಟ್ಟುಬರ್ತೀನಿ" ಅಂತ ಕೈ ಹಿಡಿದು ಗುಡಿಗೆ ಎರಡು ಸುತ್ತು ಹಾಕಿಸಿ ಅದೇ ಬಾಗಿಲಿಗೆ ಕರೆತಂದು, "ಬಂತು ನೋಡು ಮನೆ" ಅನ್ನುತ್ತಿದ್ದರು. ಅಜ್ಜಿ ಕಾಲು ತೊಳೆದುಕೊಂಡು ಸಮಾಧಾನವಾಗಿ ಒಳಗೆ ಬರುತ್ತಿದ್ದರು.

ಊರಿನವರು ಇದಕ್ಕೆ ಇಟ್ಟ ಹೆಸರು ಅರಳು ಮರಳು. ಅರವತ್ತಕ್ಕೆ ಅರಳು ಮರಳು ಅಂತ ಗಾದೆಯೇ ಇರುವಾಗ ಕಾಯಿಲೆ ಅಂತ ಯಾರು ಅಂದುಕೊಳ್ಳುತ್ತಾರೆ? ಆದರೆ ಇದೇ ಗಾದೆಗೆ ಬೇಂದ್ರೆಯವರು ಒಳ್ಳೇ ಉತ್ತರ ಕೊಟ್ಟಿದ್ದಾರೆ. 1958ರಲ್ಲಿ ಅವರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದುಕೊಟ್ಟ ಕವನ ಸಂಗ್ರಹದ ಹೆಸರು 'ಅರಳು ಮರಳು'. ಆಗ ಅವರಿಗೆ ಅರವತ್ತೆರಡು. ಎರಡು ಪದಗಳನ್ನು ಹಿಂದುಮುಂದು ಮಾಡಿದರೆ ಮರಳಿ ಅರಳು ಅಂತಾಗುತ್ತದೆ. ಕವಿಗಳಿಗೆ ಎಲ್ಲ ಅನುಕೂಲವೂ ಇದೆ.

ನನಗೂ ಈಗ ಅರವತ್ತೆರಡು. ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಊರವರ ದುಡ್ಡು ಎಣಿಸಿ ನಿವೃತ್ತಳಾಗಿ ಮೈಸೂರಿನ ಕುವೆಂಪುನಗರದಲ್ಲಿದ್ದೇನೆ. ನಾನು ಮತ್ತು ಇವರು ಸೇರಿದರೆ ಒಂದು ಪೂರ್ತಿ ಜ್ಞಾಪಕಶಕ್ತಿ ಆಗುತ್ತದೆ. ಟಿ.ವಿ.ಯಲ್ಲಿ ಹಳೇ ಸಿನಿಮಾ ಬಂದರೆ ಹೀರೋ ಹೆಸರು ಇವರ ಪಾಲು, ಹೀರೋಯಿನ್ ನನ್ನ ಪಾಲು, ಹಾಡಿದವರು ಯಾರು ಅನ್ನುವುದು ಇಬ್ಬರಿಗೂ ರಾತ್ರಿ ಎರಡು ಗಂಟೆಗೆ ನೆನಪಾಗುತ್ತದೆ. ಇದಕ್ಕೆಲ್ಲ ಹೆದರಬೇಡಿ ಅಂದರು ನಮ್ಮ ಡಾಕ್ಟರು. ಸಾರಿಗೆ ಉಪ್ಪು ಹಾಕುವುದು ಮರೆತರೆ ಅದು ಮರೆವು. ನಲವತ್ತು ವರ್ಷ ಸಾರು ಮಾಡಿದ ಕೈ, ಬೇಳೆ ಮೊದಲೋ ಹುಣಸೆಹಣ್ಣು ಮೊದಲೋ ತಿಳಿಯದೆ ಒಲೆ ಮುಂದೆ ನಿಂತುಬಿಟ್ಟರೆ ಆಗ ಬನ್ನಿ.

ಡಿಮೆನ್ಷಿಯಾ ಎಂದರೆ ಒಂದೇ ರೋಗವಲ್ಲ, ಹಲವು ರೋಗಗಳು ತಂದೊಡ್ಡುವ ಸ್ಥಿತಿಗೆ ಒಟ್ಟಾಗಿ ಇಟ್ಟ ಹೆಸರು. ಅದರ ಹಿರೀಮಗ ಅಲ್ಝೈಮರ್ಸ್. 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನ ಆಸ್ಪತ್ರೆಗೆ ಆಗುಸ್ಟೆ ಡೆಟರ್ ಎಂಬ ಹೆಂಗಸನ್ನು ಸೇರಿಸಿದರು. ವಯಸ್ಸು ಬರೀ ಐವತ್ತೊಂದು. ಅಲೋಯಿಸ್ ಅಲ್ಝೈಮರ್ ಎಂಬ ವೈದ್ಯರು ಹೆಸರು ಕೇಳಿದರೆ ಆಗುಸ್ಟೆ ಅಂದಳು, ಗಂಡನ ಹೆಸರು ಕೇಳಿದರೂ ಆಗುಸ್ಟೆ ಅಂದಳು. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಮೆದುಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದಾಗ ಅಲ್ಲಿ ಕಂಡದ್ದು ಕಲೆಗಳು ಮತ್ತು ಸಿಕ್ಕುಗಟ್ಟಿದ ಎಳೆಗಳು. ಅಲ್ಲೂ ಗಂಟುಗಳೇ!

ಇದನ್ನು ಓದಿದಾಗ ನನಗೆ ನೆನಪಾದದ್ದು ಅಜ್ಜಿ. ಈ ಪರೀಕ್ಷೆಯಲ್ಲಿ ಅವರು ಇಪ್ಪತ್ತನೇ ವಯಸ್ಸಿನಲ್ಲೇ ನಪಾಸಾಗುತ್ತಿದ್ದರು. ಗಂಡನ ಹೆಸರು ಕೇಳಿದರೆ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿದ್ದ ವೆಂಕಟರಮಣನ ಕಡೆ ಕಣ್ಣು ತೋರಿಸಿ ಸುಮ್ಮನಾಗುತ್ತಿದ್ದವರು. ಇವತ್ತು ತಾರೀಖು ಎಷ್ಟು ಅಂದರೆ ಗೊತ್ತಿಲ್ಲ, ತಿಥಿ ಯಾವುದು ಅಂದರೆ ನಕ್ಷತ್ರದ ಸಮೇತ ಗೊತ್ತು. ಹೀಗಾಗಿಯೇ ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಈ ಕಾಯಿಲೆಯ ಸಮೀಕ್ಷೆಗೆ ಇಳಿದ ವಿಜ್ಞಾನಿಗಳು, ಓದುಬರಹ ಬಾರದವರಿಗೆ ಒಗ್ಗುವಂತೆ ಪ್ರಶ್ನೆಗಳನ್ನೇ ಹೊಸದಾಗಿ ಹೊಸೆಯಬೇಕಾಯಿತು.

ಈಗ ಪಟ್ಟಿಯ ವಿಷಯಕ್ಕೆ ಬರುತ್ತೇನೆ. ಬೆಂಗಳೂರಿನಲ್ಲಿರುವ ಮಗಳು ಒಂದು ಭಾನುವಾರ ಬಂದವಳು ಊಟದ ಟೇಬಲ್ಲಿನ ಮೇಲೆ ಒಂದು ಹಾಳೆ ಇಟ್ಟಳು. 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆ ಡಿಮೆನ್ಷಿಯಾ ಕುರಿತು ನೇಮಿಸಿದ ತಜ್ಞರ ಆಯೋಗ ಕೊಟ್ಟ ಪಟ್ಟಿ. ಬದಲಾಯಿಸಲು ಸಾಧ್ಯವಿರುವ ಅಪಾಯದ ಅಂಶಗಳು 2017ರಲ್ಲಿ ಒಂಬತ್ತಿದ್ದವಂತೆ, 2020ರಲ್ಲಿ ಹನ್ನೆರಡಾದವು, 2024ರಲ್ಲಿ ಹದಿನಾಲ್ಕು. ಗೌರಿ ಹಬ್ಬದ ಸಾಮಾನಿನ ಪಟ್ಟಿ ಹೀಗೆಯೇ ಬೆಳೆಯುವುದು. ಈ ಹದಿನಾಲ್ಕನ್ನೂ ಲೋಕದಿಂದಲೇ ತೊಡೆದುಹಾಕಲು ಆಗುವುದಾದರೆ ಒಟ್ಟು ಡಿಮೆನ್ಷಿಯಾದಲ್ಲಿ ಶೇಕಡಾ 45ರಷ್ಟನ್ನು ತಪ್ಪಿಸಬಹುದು, ಇಲ್ಲವೇ ಮುಂದಕ್ಕೆ ತಳ್ಳಬಹುದು ಎಂಬುದು ಅವರ ಲೆಕ್ಕ. ಆ 45ನ್ನು ಹದಿನಾಲ್ಕಕ್ಕೂ ಅಂಕಗಳಾಗಿ ಹಂಚಿದ್ದಾರೆ. ಉಳಿದ 55 ವಯಸ್ಸು, ವಂಶ ಇತ್ಯಾದಿಗಳ ಪಾಲು. ವಯಸ್ಸಿನದೇ ದೊಡ್ಡ ಪಾಲು, ಅರವತ್ತೈದು ದಾಟಿದ ಮೇಲೆ ಐದೈದು ವರ್ಷಕ್ಕೆ ಅಪಾಯ ಹೆಚ್ಚುಕಡಿಮೆ ಇಮ್ಮಡಿ ಆಗುತ್ತ ಹೋಗುತ್ತದೆ. ಬ್ಯಾಂಕಿನವಳಾದ ನಾನು ಹೇಳುತ್ತೇನೆ, ಇಂಥ ಬಡ್ಡಿಯನ್ನು ನಾವು ಯಾರಿಗೂ ಕೊಟ್ಟವರಲ್ಲ.

ಯುಗಾದಿಯ ದಿನ ಪಂಚಾಂಗದಲ್ಲಿ ರಾಶಿಫಲ ಓದುವ ಹಾಗೆ ಎಲ್ಲರೂ ಹಾಳೆಯ ಮೇಲೆ ಬಗ್ಗಿದೆವು. ರಾಶಿಫಲದಲ್ಲಾದರೆ ತಮ್ಮದನ್ನು ಓದಿಕೊಳ್ಳುತ್ತಾರೆ, ಇಲ್ಲಿ ಪ್ರತಿಯೊಬ್ಬರೂ ಇನ್ನೊಬ್ಬರದನ್ನು ಓದಿದರು. "ಬಿ.ಪಿ., ಸಕ್ಕರೆ, ಬೊಜ್ಜು, ಓಡಾಟ ಇಲ್ಲದಿರುವುದು. ನಾಲ್ಕೂ ನಿಮ್ಮವೇ" ಅಂದೆ ಇವರಿಗೆ. "ಕೆಟ್ಟ ಕೊಲೆಸ್ಟರಾಲ್ ನಿನ್ನದು, ಅದೊಂದಕ್ಕೇ 7 ಕೊಟ್ಟಿದಾರೆ. ನನ್ನ ನಾಲ್ಕೂ ಸೇರಿಸಿದರೆ ನಿನ್ನ ಒಂದಕ್ಕೆ ಸಮ" ಅಂದರು ಇವರು. ಎರಡು, ಎರಡು, ಎರಡು, ಒಂದು. ಕೂಡಿ ನೋಡಿದೆ, ನಿಜ. ನಡುವಯಸ್ಸಿನಲ್ಲಿ ಏರುವ ಬಿ.ಪಿ., ಸಕ್ಕರೆ, ಕೊಬ್ಬು ಎಲ್ಲವೂ ಕೆಡಿಸುವುದು ರಕ್ತನಾಳವನ್ನು. ಹೃದಯದ ನಾಳ ಕೆಟ್ಟರೆ ಎದೆನೋವು ಬಂದು ಕೂಗಿ ಹೇಳುತ್ತದೆ, ಮೆದುಳಿನ ಸಣ್ಣ ನಾಳಗಳು ಸದ್ದಿಲ್ಲದೆ ಬಾಡುತ್ತ ಹೋಗುತ್ತವೆ. ತಲೆಗೆ ಬಿದ್ದ ಪೆಟ್ಟಿಗೆ 3 ಅಂಕ. ಹೆಲ್ಮೆಟ್ಟಿರುವುದು ಪೊಲೀಸರು ನಿಂತಿರುವ ಸರ್ಕಲ್ಲಿಗೆ ಮಾತ್ರ ಅಂದುಕೊಂಡಿದ್ದ ಇವರು ಈಗ ಮೊಸರು ತರಲು ಹೋದರೂ ಹಾಕುತ್ತಾರೆ. ಖಿನ್ನತೆಗೆ 3, ಹೊಗೆ ದೂಳು ತುಂಬಿದ ಗಾಳಿಗೆ 3, ಕಣ್ಣು ಮಂಜಾದರೂ ತೋರಿಸಿಕೊಳ್ಳದೆ ಇರುವುದಕ್ಕೆ 2. ಕುಡಿತಕ್ಕೆ 1, ಬೀಡಿ ಸಿಗರೇಟಿಗೆ 2.

"ನಶ್ಯ?" ಅಂದರು ಚಿಕ್ಕಪ್ಪ.

ನಶ್ಯ ಪಟ್ಟಿಯಲ್ಲಿರಲಿಲ್ಲ. ಅವರು ಡಬ್ಬಿ ತೆಗೆದು ನಿಶ್ಚಿಂತೆಯಿಂದ ಒಂದು ಚಿಟಿಕೆ ಏರಿಸಿದರು.

ಈ ಚಿಕ್ಕಪ್ಪ ಎಂದರೆ ಅಜ್ಜಿಗೆ ಗುಡಿ ಸುತ್ತಿಸುತ್ತಿದ್ದ ಅದೇ ಚಿಕ್ಕಪ್ಪ. ಈಗ ಎಪ್ಪತ್ತೊಂಬತ್ತು. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಕಡೆ ಮೇಷ್ಟರಾಗಿದ್ದವರು, ಚಿಕ್ಕಮ್ಮ ಹೋದ ಮೇಲೆ ನಮ್ಮ ಜೊತೆ ಇದ್ದಾರೆ. ಶ್ರೀನಿವಾಸಪುರ ಎಂದರೆ ಲೋಕಕ್ಕೆಲ್ಲ ಮಾವಿನಹಣ್ಣು. ಆದರೆ ಈಗ ಅಲ್ಲಿನ ತಲೆಗಳಿಗೂ ಬೆಲೆ ಬಂದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರದವರು ಆ ತಾಲ್ಲೂಕಿನ ಹಳ್ಳಿಗಳಲ್ಲಿ ನಲವತ್ತೈದು ದಾಟಿದ ಹತ್ತು ಸಾವಿರ ಮಂದಿಯ ಗುರಿ ಇಟ್ಟುಕೊಂಡು, ಅವರ ರಕ್ತ, ನೆನಪು, ನಡಿಗೆ, ಕಿವಿ, ಕಣ್ಣು ಎಲ್ಲವನ್ನೂ ವರ್ಷಗಟ್ಟಲೆ ಗಮನಿಸುವ ಅಧ್ಯಯನ ನಡೆಸುತ್ತಿದ್ದಾರೆ. ಇಲ್ಲಿಯ ತನಕ ಈ ಕಾಯಿಲೆಯ ಬಗ್ಗೆ ತಿಳಿದದ್ದೆಲ್ಲ ಹೆಚ್ಚಾಗಿ ಬಿಳಿಯರ ಮೆದುಳಿನಿಂದ ಬಂದದ್ದು. ರಾಗಿ ಮುದ್ದೆಯ ಮೆದುಳಿನ ಕಥೆಯೇ ಬೇರೆ ಇದ್ದರೂ ಇರಬಹುದು.

"ನನ್ನ ಸ್ಟೂಡೆಂಟುಗಳ ತಲೇನ ಅವರು ಹೊಸದಾಗಿ ಏನು ನೋಡ್ತಾರೆ? ನಾನು ಮೂವತ್ತು ವರ್ಷ ನೋಡಿದೀನಿ" ಎಂಬುದು ಚಿಕ್ಕಪ್ಪನ ಅಭಿಪ್ರಾಯ.

ಶಾಲೆಯ ಮಾತೂ ಪಟ್ಟಿಯಲ್ಲಿದೆ. ಚಿಕ್ಕಂದಿನಲ್ಲಿ ಓದು ಸಿಗದಿದ್ದುದಕ್ಕೆ 5 ಅಂಕ. ಮೂರನೇ ಕ್ಲಾಸಿಗೆ ಶಾಲೆ ಬಿಡಿಸಿಕೊಂಡ ಅಜ್ಜಿಗೆ ಎಪ್ಪತ್ತರಲ್ಲಿ ಬಂದ ದಂಡದಲ್ಲಿ ಇದರ ಪಾಲೂ ಇದ್ದಿರಬಹುದು. ಮೆದುಳಿಗೆ ಒಂದು ಇಡುಗಂಟು ಇರುತ್ತದಂತೆ. ಓದು, ಕಸುಬು, ಆಟ, ಹರಟೆ ಎಲ್ಲವೂ ಅದಕ್ಕೆ ಜಮೆ. ರೋಗ ಬಂದು ಚೆಕ್ಕಿನ ಮೇಲೆ ಚೆಕ್ಕು ಬರೆದರೂ ಗಂಟು ದೊಡ್ಡದಿದ್ದವರ ಖಾತೆ ಬೇಗ ಬರಿದಾಗುವುದಿಲ್ಲ. ಅಮೆರಿಕದಲ್ಲಿ ಡೇವಿಡ್ ಸ್ನೋಡನ್ ಎಂಬ ವಿಜ್ಞಾನಿ 1986ರಲ್ಲಿ ಕ್ರೈಸ್ತ ಸನ್ಯಾಸಿನಿಯರ ಅಧ್ಯಯನ ಶುರುಮಾಡಿದರು, 678 ಮಂದಿ. ಎಲ್ಲರದೂ ಒಂದೇ ಊಟ, ಒಂದೇ ದಿನಚರಿ. ಅವರಲ್ಲಿ ಎಷ್ಟೋ ಮಂದಿ ಇಪ್ಪತ್ತರ ಆಸುಪಾಸಿನಲ್ಲಿ ಮಠ ಸೇರುವಾಗ ಬರೆದುಕೊಟ್ಟ ಪುಟ್ಟ ಆತ್ಮಕಥೆಗಳು ಕಡತದಲ್ಲಿ ಸಿಕ್ಕವು. ಆಗಲೇ ವಿಚಾರ ತುಂಬಿಸಿ ಬರೆದವರಿಗೆ ಮುಪ್ಪಿನಲ್ಲಿ ಈ ಕಾಯಿಲೆ ಬಂದದ್ದು ಕಡಿಮೆ. ಆ ಸನ್ಯಾಸಿನಿಯರಲ್ಲೊಬ್ಬರು ನೂರೊಂದು ವರ್ಷ ಬುದ್ಧಿ ಚುರುಕಾಗಿಯೇ ಬದುಕಿದರು. ತೀರಿಕೊಂಡ ಮೇಲೆ ನೋಡಿದರೆ ಮೆದುಳಿನ ತುಂಬ ಅಲ್ಝೈಮರ್ಸ್‌ನ ಕಲೆ, ಸಿಕ್ಕು!

ಇನ್ನೊಂದು ಸಂಗತಿ ನಮ್ಮ ಕಡೆಯವರಿಗೆ ಕುಷಿ ಕೊಡುವಂಥದ್ದು. ಹೈದರಾಬಾದಿನ ಆಸ್ಪತ್ರೆಯೊಂದರಲ್ಲಿ ಸುವರ್ಣಾ ಅಲ್ಲಾಡಿ ಅವರ ತಂಡ 648 ಡಿಮೆನ್ಷಿಯಾ ರೋಗಿಗಳನ್ನು ನೋಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಅಲ್ಲಾಡಿ ಆಮೇಲೆ ನಮ್ಮ ಬೆಂಗಳೂರಿನ ನಿಮ್ಹಾನ್ಸಿಗೆ ಬಂದರು. ಒಂದೇ ಭಾಷೆ ಆಡುವವರಿಗಿಂತ ಎರಡು ಭಾಷೆ ಆಡುವವರಿಗೆ ಕಾಯಿಲೆ ನಾಲ್ಕೂವರೆ ವರ್ಷ ತಡವಾಗಿ ಬಂದಿತ್ತು, ಶಾಲೆಯ ಮೆಟ್ಟಿಲು ಹತ್ತದವರಲ್ಲೂ ಹಾಗೆಯೇ. ಕೋಲಾರದ ಕಡೆಯವರಿಗೆ ಇದಕ್ಕಿಂತ ಇನ್ನೇನು ಬೇಕು? ಅಲ್ಲಿ ಎಮ್ಮೆಗೆ ಕನ್ನಡ, ಎತ್ತಿಗೆ ತೆಲುಗು, ಸಂತೆಯಲ್ಲಿ ತಮಿಳು. ಆದರೆ ಬೀಗುವ ಹಾಗಿಲ್ಲ. ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸರಿಗೆ ಎಷ್ಟು ಭಾಷೆ ಬರುತ್ತಿತ್ತು! ಮುಷ್ಕರ ಹೂಡಿ ದೇಶದ ರೈಲುಗಳನ್ನೇ ನಿಲ್ಲಿಸಿದ ಆ ಮಾತುಗಾರ ಕೊನೆಯ ಎಷ್ಟೋ ವರ್ಷ ಇದೇ ಕಾಯಿಲೆಯಲ್ಲಿ ಮಾತೇ ಇಲ್ಲದೆ ಇದ್ದು 2019ರಲ್ಲಿ ಹೋದರು. ಪಟ್ಟಿ ಹೇಳುವುದು ಸಾವಿರ ಜನದ ಲೆಕ್ಕ, ಒಬ್ಬರ ಹಣೆಬರಹ ಅಲ್ಲ.

ಇಷ್ಟೆಲ್ಲ ಓದುತ್ತ ನಗುತ್ತ ಇದ್ದವರು ಪಟ್ಟಿಯ ಒಂದು ಸಾಲಿಗೆ ಬಂದಾಗ ಸುಮ್ಮನಾದೆವು. ಕಿವಿ ಮಂದವಾಗುವುದಕ್ಕೆ 7 ಅಂಕ. ಕೊಲೆಸ್ಟರಾಲ್ ಜೊತೆಗೆ ಅದೇ ಮೊದಲ ಸ್ಥಾನದಲ್ಲಿ. ಸಿಗರೇಟಿಗಿಂತ, ಸಕ್ಕರೆಗಿಂತ ಮೇಲೆ.

ಚಿಕ್ಕಪ್ಪನ ಕಿವಿ ನಮ್ಮ ಮನೆಯಲ್ಲಿ ಪುಗಸಟ್ಟೆ ಮನರಂಜನೆಯಾಗಿತ್ತು. "ಅಕ್ಕಿ ತರಬೇಕು" ಅಂದರೆ "ಹಕ್ಕಿ ಯಾಕಮ್ಮ, ಪಂಜರ ಎಲ್ಲಿದೆ?" ಅನ್ನುವರು. ಹಿಂದಿನ ವರ್ಷ ತುಮಕೂರಿನ ಛತ್ರದಿಂದ ಫೋನು ಮಾಡಿ "ಮದುವೆ ಮುಗೀತು ಚಿಕ್ಕಪ್ಪ, ಊಟಕ್ಕೆ ಕೂತಿದೀವಿ" ಅಂದಿದ್ದೆ. ಅವರಿಗೆ ಕೇಳಿಸಿದ್ದು ಮುರೀತು ಅಂತ. ಸಂಜೆಯೊಳಗೆ ಕೋಲಾರ, ಚಿಂತಾಮಣಿ, ಮುಳಬಾಗಿಲಿಗೆಲ್ಲ ಸುದ್ದಿ ತಲುಪಿತ್ತು. "ಮದುವೆ ಮುರಿದ ಮೇಲೂ ಊಟಕ್ಕೆ ಕೂತಿದಾರಂತೆ, ಎಂಥ ಧೈರ್ಯದ ಜನ!" ಅಂತ ಬೇರೆ ಸೇರಿಸಿದ್ದರು. ಸಮಾಧಾನ ಹೇಳಲು ಬಂದ ಇಬ್ಬರು ಅತ್ತೆಯರಿಗೆ ಚಿರೋಟಿ ಕಟ್ಟಿ ಕಳಿಸಬೇಕಾಯಿತು.

ನಗುವಿನ ಜೊತೆಗೆ ಇನ್ನೊಂದೂ ನಡೆದಿತ್ತು. ಊಟಕ್ಕೆ ಕೂತು ನಾವೇನೋ ಮಾತಾಡಿಕೊಂಡು ನಕ್ಕರೆ ಚಿಕ್ಕಪ್ಪ ತಟ್ಟೆಯಿಂದ ತಲೆ ಎತ್ತಿ "ಏನಂತೆ?" ಅನ್ನುವರು. ಮೊದಮೊದಲು ಗಟ್ಟಿಯಾಗಿ ಎರಡನೇ ಸಲ ಹೇಳುತ್ತಿದ್ದೆವು. ಆಮೇಲೆ ಚುಟುಕಾಗಿ. ಆಮೇಲೆ "ಏನಿಲ್ಲ ಬಿಡಿ ಚಿಕ್ಕಪ್ಪ." ಅದರಲ್ಲಿ ಕೆಡುಕೇನಿಲ್ಲ, ಸೋಮಾರಿತನ ಅಷ್ಟೇ. ಸಾರು ಆರಿಹೋಗುತ್ತಿರುವಾಗ ಒಂದು ಜೋಕನ್ನು ಮೂರು ಸಲ ಹೇಳಲು ಯಾರಿಗೆ ಪುರಸೊತ್ತು? ಕೆಲವು ತಿಂಗಳಾದ ಮೇಲೆ ಅವರು ಕೇಳುವುದನ್ನೇ ಬಿಟ್ಟರು. ಕನ್ನಡ ಬಹಳ ಜಾಣ ಭಾಷೆ. ಕಿವಿಗೊಡುವುದಕ್ಕೂ ಕೇಳು, ಪ್ರಶ್ನೆ ಹಾಕುವುದಕ್ಕೂ ಕೇಳು. ಕೇಳಿಸದವರು ಕೇಳುವುದನ್ನು ನಿಲ್ಲಿಸುತ್ತಾರೆ ಎಂಬುದು ಪದದಲ್ಲೇ ಇತ್ತು, ನಾವು ನೋಡಿರಲಿಲ್ಲ. ತಜ್ಞರು ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಮಂದ ಕಿವಿಯಿಂದ ಬಂದ ತುಂಡು ಮಾತನ್ನು ಜೋಡಿಸುವುದರಲ್ಲೇ ಮೆದುಳು ಸುಸ್ತಾಗುತ್ತದೆ, ಶಬ್ದದ ಮೇವು ಕಡಿಮೆಯಾಗಿ ಸೊರಗುತ್ತದೆ, ಮನುಷ್ಯ ನಾಲ್ಕು ಜನರ ನಡುವೆಯೇ ಒಂಟಿಯಾಗುತ್ತಾನೆ. ಒಂಟಿತನಕ್ಕೆ ಪಟ್ಟಿಯಲ್ಲಿ ಪ್ರತ್ಯೇಕವಾಗಿ 5 ಅಂಕ. 'ಏನಿಲ್ಲ ಬಿಡಿ' ಎಂಬುದಕ್ಕೆ ಅಂಕ ಕೊಟ್ಟಿಲ್ಲ. ಮುಂದಿನ ಪಟ್ಟಿಗೆ ನನ್ನದೊಂದು ಅರ್ಜಿ ಇದೆ.

ತಪ್ಪು ಅದೊಂದೇ ಅಲ್ಲ. ಆರು ತಿಂಗಳ ಹಿಂದೆ ತರಕಾರಿಗೆ ಹೋದ ಚಿಕ್ಕಪ್ಪ ಮೂರು ಗಂಟೆಯಾದರೂ ಬರಲಿಲ್ಲ. ನನ್ನ ಕಣ್ಣ ಮುಂದೆ ಅನಂತನಾಗ್ ಬಂದು ನಿಂತರು. 2016ರ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಸಿನಿಮಾದಲ್ಲಿ ಅಲ್ಝೈಮರ್ಸ್ ಇರುವ ಅಪ್ಪ ಕಳೆದುಹೋಗುತ್ತಾರಲ್ಲ, ಹಾಗೆ. ಕಾಣೆಯಾದವರ ಜಾಹೀರಾತಿನ ಭಾಷೆಯೇ ಅದರ ಹೆಸರು. ಚಿಕ್ಕಪ್ಪ ಯಾವ ಬಣ್ಣದ ಅಂಗಿ ತೊಟ್ಟಿದ್ದರು ಅಂತ ಯೋಚಿಸಿದರೆ ನನಗೆ ನೆನಪಿಲ್ಲ, ಇವರಿಗೂ ಇಲ್ಲ. ಕೊನೆಗೆ ನೋಡಿದರೆ ಅವರು ಎರಡು ಕ್ರಾಸಿನ ಆಚೆ ಹೂವಿನ ಗಾಡಿಯ ಪಕ್ಕದ ಕಲ್ಲಿನ ಮೇಲೆ ಕೂತು, ಚಿಂತಾಮಣಿ ಕಡೆಯ ಹೂವಿನಾಕೆಯ ಜೊತೆ ತೆಲುಗಿನಲ್ಲಿ ಹರಟುತ್ತಿದ್ದರು. ಆಕೆಯದು ಒಳ್ಳೇ ಕಂಚಿನ ಕಂಠ, ಅವರಿಗೆ ಎಲ್ಲ ಕೇಳಿಸುತ್ತಿತ್ತು. ಆ ಮಾರನೆಯ ದಿನದಿಂದ ಕೈಚೀಲ ಕಿತ್ತುಕೊಂಡೆವು. "ನೀವು ಸುಮ್ಮನೆ ಕೂತಿರಿ ಚಿಕ್ಕಪ್ಪ, ನಾವಿಲ್ವಾ?" ಪ್ರೀತಿಯಿಂದಲೇ ಅಂದದ್ದು. ಆ ಪ್ರೀತಿಯ ಒಂದು ಏಟಿಗೆ ಅವರ ನಡಿಗೆಯೂ ಹೋಯಿತು, ಹರಟೆಯೂ ಹೋಯಿತು, ತೆಲುಗೂ ಹೋಯಿತು. ಪಟ್ಟಿಯ ಎರಡು ಮೂರು ಸಾಲುಗಳನ್ನು ನಾವೇ ಬೆಳ್ಳಿ ತಟ್ಟೆಯಲ್ಲಿಟ್ಟು ಬಡಿಸಿದ್ದೆವು.

ಡಾಕ್ಟರ ಹತ್ತಿರ ಹೋದೆವು. ಅವರು ಮೊದಲು ಬರೆದದ್ದು ಥೈರಾಯ್ಡ್ ಮತ್ತು ಬಿ12 ಪರೀಕ್ಷೆ. ಇವೆರಡು ಕೆಟ್ಟರೂ ಮರೆವು ಬರುತ್ತದೆ, ಮತ್ತು ಇವೆರಡನ್ನೂ ಸರಿಪಡಿಸಬಹುದು. ಈರುಳ್ಳಿಯನ್ನೂ ಅನುಮಾನದಿಂದ ನೋಡುವ ವಂಶ ನಮ್ಮದು, ಬಿ12 ತಳ ಕಂಡಿತ್ತು. ಇಂಜೆಕ್ಷನ್ ಶುರುವಾಯಿತು. "ಅಮ್ಮನಿಗೆ ಬಂದಿತ್ತು. ನನಗೂ ಬಂದೇ ಬರುತ್ತಾ?" ಅಂತ ಚಿಕ್ಕಪ್ಪ ಕೇಳಿದ್ದು ಅಲ್ಲಿಯೇ. ಅಷ್ಟು ದಿನ ಅದನ್ನು ಎಲ್ಲಿ ಇಟ್ಟುಕೊಂಡಿದ್ದರೋ! ಹೆತ್ತವರಿಗೆ ಇದ್ದರೆ ಅಪಾಯ ಒಂದಿಷ್ಟು ಹೆಚ್ಚು, ಆದರೆ ಬಂದೇ ಬರಬೇಕು ಅಂತಿಲ್ಲ ಅಂದರು ಡಾಕ್ಟರು. ಅದನ್ನು ಅವರು ಗಟ್ಟಿಯಾಗಿ ಎರಡು ಸಲ ಹೇಳಿದ್ದಕ್ಕೆ ನಾನು ಮನಸ್ಸಿನಲ್ಲೇ ಕೈ ಮುಗಿದೆ.

ಆಮೇಲೆ ಕಿವಿ ತೋರಿಸಲು ಮಾನಸಗಂಗೋತ್ರಿ. 1965ರಿಂದ ವಾಕ್ ಶ್ರವಣ ಸಂಸ್ಥೆ, ಅಂದರೆ ಆಯಿಷ್, ನಮ್ಮ ಊರಲ್ಲೇ ಇದೆ, ದೇಶದ ಮೂಲೆಮೂಲೆಯಿಂದ ಜನ ಅದನ್ನು ಹುಡುಕಿಕೊಂಡು ಬರುತ್ತಾರೆ. ನಾವು ಮಾತ್ರ ಅದರ ಗೇಟಿನ ಮುಂದೆಯೇ ಓಡಾಡಿಕೊಂಡು ಇದ್ದೆವು. ಚಿಕ್ಕಪ್ಪ ಒಪ್ಪುವುದು ಸುಲಭವಿರಲಿಲ್ಲ. "ಕನ್ನಡಕ ಹಾಕಿಕೊಂಡರೆ ಮೇಷ್ಟ್ರು ಅಂತಾರೆ. ಕಿವಿಗೆ ಮಿಷನ್ ಹಾಕಿಕೊಂಡರೆ ಮುದುಕ ಅಂತಾರೆ." 2023ರಲ್ಲಿ ಬಂದ ಅಮೆರಿಕದ ದೊಡ್ಡ ಪ್ರಯೋಗವೊಂದರ ಫಲಿತಾಂಶವನ್ನು ಮಗಳು ಅವರಿಗೆ ಬರೆದು ತೋರಿಸಿದಳು. ಎಪ್ಪತ್ತು ದಾಟಿದ ಎಲ್ಲರನ್ನೂ ಒಟ್ಟಾಗಿ ನೋಡಿದರೆ ಶ್ರವಣ ಸಾಧನದಿಂದ ಮೂರು ವರ್ಷದಲ್ಲಿ ಅಂಥ ವ್ಯತ್ಯಾಸವೇನೂ ಕಾಣಲಿಲ್ಲ. ಆದರೆ ಮೊದಲೇ ಅಪಾಯ ಹೆಚ್ಚಿದ್ದವರಲ್ಲಿ ಬುದ್ಧಿ ಕುಂದುವ ವೇಗ ಶೇಕಡಾ 48ರಷ್ಟು ತಗ್ಗಿತ್ತು. ಮೇಷ್ಟರು ಪೂರ್ತಿ ಓದಿ, "ಅರ್ಧ ಮಾರ್ಕಿಗೆ ಪಾಸಾಗುತ್ತೆ ಅಂತಾಯ್ತು. ನಡೀರಿ" ಅಂದರು.

ಮೊದಲ ದಿನ ಮಿಷನ್ ಹಾಕಿಸಿಕೊಂಡು ಮನೆಗೆ ಬಂದವರು, "ಈ ಫ್ಯಾನು ಇಷ್ಟು ಬಡಕೊಳ್ಳುತ್ತಾ? ನೀವೆಲ್ಲ ಹೇಗೆ ಬದುಕಿದ್ರಿ?" ಅಂದರು. ಮಿಕ್ಸಿ ಹಾಕಿದರೆ ಮಿಷನ್ ಕಿತ್ತಿಡುವರು, ಕುಕ್ಕರ್ ಕೂಗಿದರೆ ಎದ್ದು ನಿಲ್ಲುವರು. ಎಷ್ಟೋ ವರ್ಷ ಉಪವಾಸವಿದ್ದ ಮೆದುಳಿಗೆ ಈ ಊಟ ಒಗ್ಗಲು ವಾರಗಟ್ಟಲೆ ಬೇಕು ಅಂತ ಆಯಿಷ್‌ನಲ್ಲಿ ಹೇಳಿ ಕಳಿಸಿದ್ದರು. ನಮಗೂ ಒಗ್ಗಲು ಅಷ್ಟೇ ಕಾಲ ಹಿಡಿಯಿತು. ನಾಲ್ಕನೆಯ ದಿನ ಅಡುಗೆಮನೆಯಲ್ಲಿ ನಾನು ಇವರಿಗೆ ಮೆಲ್ಲಗೆ, "ಚಿಕ್ಕಪ್ಪನಿಗೆ ತುಪ್ಪ ಒಂದೇ ಮಿಳ್ಳೆ ಸಾಕು" ಅಂದೆ. "ಎರಡು!" ಅಂತ ಹಜಾರದಿಂದ ಕೂಗು ಬಂತು. ಕೈಚೀಲ ವಾಪಸು ಕೊಟ್ಟಿದ್ದೇವೆ. ಜೇಬಿನಲ್ಲಿ ವಿಳಾಸ, ಫೋನ್ ನಂಬರಿನ ಚೀಟಿ ಇರುತ್ತದೆ, ಹೂವಿನಾಕೆಯ ಹತ್ತಿರ ನನ್ನ ನಂಬರಿದೆ. ಅವರು ಹೊರಡುವಾಗ ಅಂಗಿಯ ಬಣ್ಣವನ್ನು ನಾನು ನೋಡಿಟ್ಟುಕೊಳ್ಳುತ್ತೇನೆ, ನನ್ನ ಮೆದುಳಿಗೂ ಕಸರತ್ತು.

ಆದರೂ ನಾಲಗೆ ಹಳೆಯದು, ಚಾಳಿ ಬಿಡದು. ಮಿಷನ್ ಇದ್ದರೂ ಎಷ್ಟೋ ಸಲ 'ಏನಿಲ್ಲ ಬಿಡಿ' ತಾನಾಗಿ ಬಂದುಬಿಡುತ್ತದೆ. ಅದಕ್ಕೇ ನಿನ್ನೆ ಬೆಳಿಗ್ಗೆ ಸೆರಗಿನ ತುದಿಗೆ ಒಂದು ಗಂಟು ಹಾಕಿಕೊಂಡು ತಿರುಗುತ್ತಿದ್ದೆ. ಬದನೆಕಾಯಿ ಹೆಚ್ಚುತ್ತಿದ್ದ ಚಿಕ್ಕಪ್ಪನ ಕಣ್ಣಿಗೆ ಬಿತ್ತು.

"ಅದೇನಮ್ಮ ಸೆರಗಿಗೆ ಗಂಟು?"

"ಏನಿ..." ಅನ್ನುವಷ್ಟರಲ್ಲಿ ನಾಲಗೆ ಕಚ್ಚಿಕೊಂಡೆ. ಒಲೆ ಸಣ್ಣ ಮಾಡಿ, ಕುರ್ಚಿ ಎಳೆದುಕೊಂಡು ಅವರ ಎದುರಿಗೆ ಕೂತು ಎಲ್ಲ ಹೇಳಿದೆ. ಅಜ್ಜಿ ಜಗಲಿಯ ಮೇಲೆ ಕೂತಿದ್ದು, ನಾಲ್ಕು ಗಂಟು, ಬಿಚ್ಚಿದರೆ ಕೆಲಸ ಕೆಡುತ್ತದೆ ಅಂದಿದ್ದು.

ಚಿಕ್ಕಪ್ಪ ಈಳಿಗೆಮಣೆ ಪಕ್ಕಕ್ಕೆ ಸರಿಸಿದರು.

"ಅದರಲ್ಲಿ ಒಂದು ಗಂಟು ನನ್ನದು ಕಣಮ್ಮ. ನಿನ್ನ ಚಿಕ್ಕಮ್ಮನ ಕಡೆಯವರಿಗೆ, ಹುಡುಗಿ ಒಪ್ಪಿಗೆ ಅಂತ ಕಾಗದ ಬರೆಸಬೇಕಿತ್ತು. ಅದಕ್ಕೆ ಹಾಕಿದ್ದು. ಎಂಟು ದಿನ ಕಾದು ಕಾದು ಆಮೇಲೆ ನಾನೇ ಅಪ್ಪ ಬರೆದ ಹಾಗೆ ಬರೆದು ಡಬ್ಬಕ್ಕೆ ಹಾಕಿದೆ."

"ಅಯ್ಯೋ, ನಿಮಗೆ ಗೊತ್ತಿತ್ತಾ? ಐವತ್ತು ವರ್ಷದಿಂದ ಒಂದು ಸಲವೂ ಹೇಳಲೇ ಇಲ್ಲವಲ್ಲ ಚಿಕ್ಕಪ್ಪ?"

ಅವರು ಕಿವಿಯ ಮಿಷನನ್ನು ಬೆರಳಿನಿಂದ ಸರಿಮಾಡಿಕೊಂಡು ಮತ್ತೊಂದು ಬದನೆಕಾಯಿ ಕೈಗೆತ್ತಿಕೊಂಡರು.

"ಯಾರು ಕೇಳಿದ್ರು?"